ಗಡಿಯಾರಪ್ಪನ ಹಾಲುಪಟ್ಟಿ

ಇದು ನಡೆದ ಕತೆ. ಹೀಗೂ ಎಲ್ಲಾದರೂ ಉಂಟೇ ಎಂದು ಮೂಗು ಮುರಿಯುವವರ ಮನೆಯಲ್ಲಿ ನಾಲ್ಕು ತಿಂಗಳ ಕೂಸು ಇಲ್ಲವೆಂದೇ ತಿಳಿಯಬೇಕು. ಇದ್ದವರು ಮೂಗು ಮುರಿಯುವುದಿಲ್ಲ, ಆಕಳಿಸುತ್ತಾರೆ.

ಎಲ್ಲ ರಾದ್ಧಾಂತಕ್ಕೂ ಮೂಲ ಅಡುಗೆಮನೆಯ ಗೋಡೆಗೆ ಅಂಟಿಸಿದ್ದ ಒಂದು ಹಾಳೆ. ಅದರಲ್ಲಿ ಕೆಂಪು ಶಾಯಿಯಿಂದ ಕಾಲಂ ಎಳೆದು, ‘ನಿಗದಿತ ಸಮಯ, ನಿಜವಾದ ಸಮಯ, ಪ್ರಮಾಣ, ಷರಾ’ ಎಂದು ದುಂಡಗೆ ಬರೆದಿತ್ತು. ಬರೆದವನು ಬಸ್ ನಿಲ್ದಾಣದ ವೇಳಾಪಟ್ಟಿ ಗುಮಾಸ್ತ. ಯಾವ ಬಸ್ಸು ಎಷ್ಟು ಹೊತ್ತಿಗೆ ಯಾವ ಪ್ಲಾಟ್‌ಫಾರಂನಿಂದ ಹೊರಡಬೇಕು ಎಂದು ಹನ್ನೊಂದು ವರ್ಷದಿಂದ ಗೆರೆ ಎಳೆಯುತ್ತಿದ್ದ ಅವನಿಗೆ ಜನ ಇಟ್ಟ ಹೆಸರು ಗಡಿಯಾರಪ್ಪ. ಇನ್ನೂರು ಬಸ್ಸುಗಳನ್ನು ನಿಮಿಷ ತಪ್ಪದಂತೆ ಓಡಿಸುವವನಿಗೆ ಆರು ಕಿಲೋ ತೂಕದ ಒಬ್ಬ ಮಗಳಿಗೆ ಹೊತ್ತಿಗೆ ಸರಿಯಾಗಿ ಹಾಲು ಕುಡಿಸಿ ಮಲಗಿಸುವುದು ಯಾವ ಮಹಾ ಕೆಲಸ?

ಮಹಾ ಕೆಲಸವೇ ಆಗಿತ್ತು. ಚಿನ್ನಿ ಬಾಟಲಿ ಹಾಲಿನ ಕೂಸು. ಪಟ್ಟಿಯ ಪ್ರಕಾರ ಹಗಲು ಹತ್ತಕ್ಕೆ ನೂರೈವತ್ತು ಮಿಲಿ ಕುಡಿಯಬೇಕಾದವಳು ನಲವತ್ತು ಕುಡಿದು, ಬಾಟಲಿಯ ನಿಪ್ಪಲ್ಲನ್ನು ಬಾಯಲ್ಲಿ ಹೊರಳಿಸುತ್ತಾ ಫ್ಯಾನು ನೋಡುತ್ತಿದ್ದಳು. ರಾತ್ರಿ ಮಾತ್ರ ಹನ್ನೊಂದಕ್ಕೊಮ್ಮೆ, ಒಂದೂವರೆಗೊಮ್ಮೆ, ಮೂರಕ್ಕೊಮ್ಮೆ, ನಾಲ್ಕೂ ಹತ್ತಕ್ಕೊಮ್ಮೆ ಎದ್ದು, ಹಗಲು ಬಿಟ್ಟದ್ದನ್ನೆಲ್ಲ ಸೇರಿಸಿ ಗಟಗಟ ಕುಡಿದು, ಆಮೇಲೆ ಹರಟೆಗೆ ಕೂರುತ್ತಿದ್ದಳು. ಷರಾ ಕಾಲಂನಲ್ಲಿ ಗಡಿಯಾರಪ್ಪ ‘ತಡವಾಗಿ ಬಂತು’ ಎಂದೂ ‘ನಿಗದಿಗಿಂತ ಮೊದಲೇ ಬಂತು’ ಎಂದೂ ಬರೆದು ಬರೆದು ಸುಸ್ತಾದ.

ಮಕ್ಕಳ ಡಾಕ್ಟರು ಹಾಳೆಯನ್ನು ನೋಡಿ ನಕ್ಕುಬಿಟ್ಟಿದ್ದರು. “ಹ್ಞೂಂ… ನೋಡೀಪ್ಪಾ… ಹಸಿದಾಗ ಕೊಡಿ, ಸಾಕು ಅಂದಾಗ ಬಿಡಿ. ಹಗಲು ಮಾತಾಡಿಸಿ, ರಾತ್ರಿ ದೀಪ ಮಂಕು ಮಾಡಿ ಸುಮ್ನೆ ಕುಡಿಸಿ ಮಲಗಿಸಿ. ಉಳಿದದ್ದು ಅದೇ ಕಲಿಯುತ್ತೆ.”

“ಎಷ್ಟು ಗಂಟೆಗೆ ಕಲಿಯುತ್ತೆ ಡಾಕ್ಟ್ರೇ?” ಎಂದು ಗಡಿಯಾರಪ್ಪ ಪೆನ್ನು ತೆಗೆದಿದ್ದ. ಡಾಕ್ಟರು ಮುಂದಿನ ಮಗುವನ್ನು ಕರೆದಿದ್ದರು.

ಇದು ಬರೀ ಕಣ್ಣುರಿಯ ವಿಷಯವಾಗಿದ್ದರೆ ಹೇಗೋ ಸಹಿಸಿಕೊಳ್ಳಬಹುದಿತ್ತು. ಹಿಂದಿನ ವಾರ ಮೇಜಿನ ಮೇಲೆ ತೂಕಡಿಸುತ್ತಲೇ ಅವನು ಬರೆದ ಒಂದು ಸಾಲಿನಿಂದಾಗಿ ಎರಡು ಬಸ್ಸುಗಳು ಒಂದೇ ನಿಮಿಷಕ್ಕೆ ಒಂದೇ ಪ್ಲಾಟ್‌ಫಾರಂಗೆ ನುಗ್ಗಿ, ಹಠಮಾರಿ ಹೋತಗಳಂತೆ ಮೂಗಿಗೆ ಮೂಗು ಹಚ್ಚಿ ಮುಕ್ಕಾಲು ಗಂಟೆ ನಿಂತಿದ್ದವು. ಡಿಪೋದ ಸಾಹೇಬರು ಅವನನ್ನು ಕರೆದು, “ಹೊಸ ವೇಳಾಪಟ್ಟಿಯಲ್ಲಿ ಒಂದೇ ಒಂದು ತಪ್ಪು ಸಿಗಲಿ, ನಿಮಗೆ ರಾತ್ರಿ ಪಾಳಿ. ಹತ್ತರಿಂದ ಆರು, ವಿಚಾರಣೆ ಕಿಟಕಿಯಲ್ಲಿ ಕೂತ್ಕೊಂಡು ಸೊಳ್ಳೆಗಳಿಗೆ ದಾರಿ ಹೇಳ್ತಿರಿ” ಎಂದಿದ್ದರು.

ಹೊಸ ವೇಳಾಪಟ್ಟಿಗೆ ಸಹಿ ಬೀಳುವುದು ನಾಳೆ ಬೆಳಿಗ್ಗೆ ಹತ್ತಕ್ಕೆ. ಅದರಲ್ಲಿ ತಪ್ಪಿದೆಯೋ ಇಲ್ಲವೋ ಗಡಿಯಾರಪ್ಪನಿಗೇ ಗೊತ್ತಿರಲಿಲ್ಲ. ಎಲ್ಲವನ್ನೂ ರಾತ್ರಿ ಮೊಣಕಾಲ ಮೇಲೆ ಮಗು, ಮಗುವಿನ ಪಕ್ಕ ಫೈಲು ಇಟ್ಟುಕೊಂಡು ಬರೆದದ್ದು. ಸಮಾಧಾನವೆಂದರೆ ಸಾಹೇಬರು ಯಾವ ಫೈಲನ್ನೂ ಓದುವವರಲ್ಲ. ಕೈಯಲ್ಲಿ ಹಿಡಿದು ತೂಕ ನೋಡಿ, “ಸರಿ ಇದೆಯಲ್ಲಾ?” ಎಂದು ಕೇಳಿ ಸಹಿ ಹಾಕಿಬಿಡುತ್ತಿದ್ದರು. ಆದರೂ ಇರಲಿ, ಇಂದೊಮ್ಮೆ ತಿದ್ದಿ, ರಾತ್ರಿ ಒಂದಿಷ್ಟು ನಿದ್ದೆ ಮಾಡಿ, ನಾಳೆ ಎಚ್ಚರವಾಗಿ ಎದುರು ನಿಲ್ಲಬೇಕೆಂದು ಅವನು ನಿಶ್ಚಯಿಸಿದ್ದ. ಇಂದು ಹೇಗೂ ರಜೆ ಹಾಕಿದ್ದ. ಅಂಚೆ ಕಚೇರಿಯಲ್ಲಿದ್ದ ಹೆಂಡತಿ ಬಾಣಂತನದ ರಜೆ ಮುಗಿಸಿ ಈ ದಿನವೇ ಕೆಲಸಕ್ಕೆ ಹೊರಟಿದ್ದಳು. ಮಗು ನೋಡಿಕೊಳ್ಳಲು ಅತ್ತೆ ಊರಿಂದ ಬರುವುದು ನಾಳೆ ಬೆಳಿಗ್ಗೆ. ನಡುವಿನ ಒಂದು ದಿನ ಅಪ್ಪನ ಪಾಲಿಗೆ.

“ರೀ, ಹಾಲಿನ ಪುಡಿ ಅಳತೆ ಚಮಚದಲ್ಲೇ ಹಾಕಿ. ಅಳೋಕೆ ಮೊದ್ಲು ಬಾಯಿ ಚಪ್ಪರಿಸ್ತಾಳೆ, ಆಗ್ಲೇ ಕೊಟ್ಬಿಡಿ. ಗಡಿಯಾರ ನೋಡ್ಬೇಡಿ, ಮಗು ನೋಡಿ” ಎಂದು ಹೆಂಡತಿ ಚಪ್ಪಲಿ ಮೆಟ್ಟುತ್ತಾ ಹೇಳಿದಳು.

“ನೀನು ಹೋಗೇ. ಮನುಷ್ಯರನ್ನ ಹೊತ್ತಿಗೆ ಸರಿಯಾಗಿ ಸಾಗಿಸೋದೇ ನನ್ನ ಕಸುಬು.”

ಅವಳು ಬೀದಿ ತಿರುವು ದಾಟಿರಲಿಲ್ಲ, ಫೋನು ಹೊಡೆದುಕೊಂಡಿತು.

ಫೋನು ಮಾಡಿದವನು ಗಿಳಿ. ಬಸ್ ನಿಲ್ದಾಣದ ಮೈಕಿನಲ್ಲಿ ‘ಪ್ರಯಾಣಿಕರ ಗಮನಕ್ಕೆ’ ಎಂದು ಕೂಗುವ ಕೆಲಸ ಅವನದು, ಕೇಳಿದ ಧ್ವನಿಯನ್ನೆಲ್ಲ ಅನುಕರಿಸುವುದು ಅವನ ಕಾಯಿಲೆ. ಸಾಹೇಬರ ಕೆಮ್ಮು, ಕ್ಯಾಂಟೀನಿನ ಬಾಗಿಲಿನ ಕಿರ್ರ್ ಸದ್ದು, ಹಳೇ ಬಸ್ಸು ಏರಿನಲ್ಲಿ ಗೇರು ಬದಲಿಸುವ ನರಳಾಟ ಯಾವುದೂ ಅವನ ಗಂಟಲಿಗೆ ಹೊರತಲ್ಲ. ಒಮ್ಮೆ ಗಡಿಯಾರಪ್ಪನನ್ನೂ ಮಗುವನ್ನೂ ಡಾಕ್ಟರ ಬಳಿಗೆ ಸ್ಕೂಟರಿನಲ್ಲಿ ಕರೆದೊಯ್ದವನು ಅವನೇ. ಮೂರು ತಿಂಗಳಿಂದ ಗಡಿಯಾರಪ್ಪನ ಹಾಲುಪಟ್ಟಿಯ ಪುರಾಣ ಕೇಳಿ ಕೇಳಿ ಅವನ ಕಿವಿಗೆ ಕೆನೆ ಕಟ್ಟಿತ್ತು. ಇವತ್ತು ಹೊಸ ಸಿಮ್ಮು ಕೈಗೆ ಬಂದಿತ್ತು, ಒಂಬತ್ತೂ ಹತ್ತರಿಂದ ಒಂಬತ್ತೂವರೆವರೆಗೆ ಯಾವ ಬಸ್ಸೂ ಇರಲಿಲ್ಲ. ಹಾಗೆ ಇರದಂತೆ ಪಟ್ಟಿ ಬರೆದವನು ಸ್ವತಃ ಗಡಿಯಾರಪ್ಪ.

“ಹ್ಞೂಂ… ನೋಡೀಪ್ಪಾ… ಮಕ್ಕಳ ಡಾಕ್ಟ್ರು ಮಾತಾಡ್ತಿರೋದು. ಇದು ನನ್ನ ಇನ್ನೊಂದು ನಂಬರು.”

ಗಡಿಯಾರಪ್ಪ ಚಾಪೆಯಿಂದ ತಟಕ್ಕನೆ ಎದ್ದು ನಿಂತ. “ಡಾಕ್ಟ್ರೇ! ನೀವಾಗೇ ಫೋನ್ ಮಾಡಿದ್ರಾ!”

“ನಿಮ್ಮ ಮಗು ವಿಷಯ ಯೋಚಿಸ್ತಾ ನನಗೂ ರಾತ್ರಿಯೆಲ್ಲಾ ನಿದ್ದೆ ಇಲ್ಲಪ್ಪಾ.”

“ಅಯ್ಯೋ ದೇವರೇ, ನಿಮಗೂ ಹತ್ತಿಸಿಬಿಟ್ಳಾ!”

“ತಪ್ಪು ಮಗೂದಲ್ಲ, ನಿಮ್ದು. ಅದು ಹಾಲು ಕುಡಿಯುವಾಗ ನೀವೇನು ಮಾಡ್ತೀರಿ?”

“ಗಡಿಯಾರ ನೋಡ್ತೀನಿ.”

“ಅದು ಮಲಗಿದಾಗ?”

“ಎಷ್ಟೊತ್ತಿಗೆ ಮಲಗ್ತು ಅಂತ ಬರೀತೀನಿ.”

“ನೋಡಿದ್ರಾ! ಮಗು ಒಂದು ಲಯ, ಅಪ್ಪ ಒಂದು ಲಯ. ಅದಕ್ಕೆ ಗಾಬರಿಯಾಗುತ್ತೆ. ಇದಕ್ಕೆ ಹೊಸ ಚಿಕಿತ್ಸೆ ಬಂದಿದೆ, ‘ಜೋಡಿ ಲಯ’ ಅಂತ. ಬರ್ಕೊಳ್ಳಿ.”

ಬರ್ಕೊಳ್ಳಿ! ಹಿಂದೆ ಯಾವ ಡಾಕ್ಟರೂ ಆಡದಿದ್ದ ಆ ಒಂದು ಮಾತಿಗೆ ಗಡಿಯಾರಪ್ಪ ಕರಗಿ ನೀರಾದ. ಕೆಂಪು ಪೆನ್ನು ಹಿಡಿದು ಕೂತ.

ಚಿಕಿತ್ಸೆ ಸರಳವಾಗಿತ್ತು. ಮಗು ಕುಡಿದಾಗಲೆಲ್ಲ ಅಪ್ಪನೂ ಕುಡಿಯಬೇಕು, ಬೆಚ್ಚಗಿನ ಹಾಲು. ಮಗು ಮಲಗಿದ ಕೂಡಲೇ ಅಪ್ಪನೂ ಮಲಗಬೇಕು, ಕೈಯಲ್ಲಿದ್ದ ಕೆಲಸ ಕೈಯಲ್ಲೇ ಬಿಟ್ಟು. ಅಪ್ಪನ ಪ್ರಮಾಣ ತೂಕದ ಲೆಕ್ಕದಲ್ಲಿ ಹತ್ತು ಪಟ್ಟು.

“ಒಂದೂವರೆ ಲೀಟರಾ ಡಾಕ್ಟ್ರೇ? ಒಂದೇ ಸಲಕ್ಕೆ?”

“ಸರಿ, ನಿಮಗೋಸ್ಕರ ನಾಲ್ಕು ಪಟ್ಟಿಗೆ ಇಳಿಸ್ತೀನಿ.”

“ಲೋಟದಲ್ಲಿ ಕುಡೀಬಹುದಲ್ವಾ?”

ಆ ಕಡೆ ಗಿಳಿ ಮೈಕಿನ ಮುಂದೆ ತುಟಿ ಕಚ್ಚಿಕೊಂಡ. ಬಿಡಲು ಮನಸ್ಸಾಗಲಿಲ್ಲ. “ಲೋಟ ಕೂಡ್ದು. ಬಾಟಲಿ. ಮಗು ಕಣ್ಣೆದುರಿಗೆ ಕುಡೀಬೇಕು. ಗಾಳಿ ಸೇರದ ಹಾಗೆ ಓರೆ ಹಿಡ್ಕೊಳ್ಳಿ.”

ಮನೆಯಲ್ಲಿ ಯಾರೋ ಉಡುಗೊರೆ ಕೊಟ್ಟ, ಎರಡು ಕಿವಿ ಹೊರಚಾಚಿದ ಮೊಲದ ಆಕಾರದ ಒಂದು ಹೆಚ್ಚಿನ ಬಾಟಲಿ ಇತ್ತು. ಗಡಿಯಾರಪ್ಪ ಅದನ್ನು ಕುದಿಸಿ ತೊಳೆದ. ಚಿನ್ನಿ ಬಾಯಿ ಚಪ್ಪರಿಸಿದಳು. ಅವಳ ಬಾಟಲಿ ಅವಳ ಬಾಯಿಗೆ, ತನ್ನದು ತನ್ನ ಬಾಯಿಗೆ. ಅಪ್ಪನ ಮುಖದಿಂದ ಎರಡು ಮೊಲದ ಕಿವಿ ಹೊರಟದ್ದನ್ನು ಕಂಡು ಕೂಸು ಕಣ್ಣು ಪಿಳಿಪಿಳಿ ಬಿಟ್ಟಿತು. ಫ್ಯಾನನ್ನು ಮರೆಯಿತು. ಬೆರಗಿನಲ್ಲಿ ಪೂರಾ ನೂರೈವತ್ತು ಮಿಲಿ ಒಳಗಿಳಿಸಿತು!

“ಕೆಲಸ ಮಾಡ್ತಿದೆ!” ಎಂದು ಗಡಿಯಾರಪ್ಪ ಉದ್ಗರಿಸಿದ. ಅವನದೇ ತೊಡಕು. ನಾಲ್ಕು ತಿಂಗಳ ದವಡೆಗೆಂದು ಮಾಡಿದ ನಿಪ್ಪಲ್ಲಿನಲ್ಲಿ ಆರುನೂರು ಮಿಲಿ ಎಳೆಯುವುದೆಂದರೆ ಸೂಜಿಯ ಕಣ್ಣಿನಲ್ಲಿ ಕೆರೆ ಬತ್ತಿಸಿದಂತೆ. ಚಿನ್ನಿಗೆ ತೇಗು ಬರಿಸಿ ತೊಟ್ಟಿಲಲ್ಲಿಟ್ಟು, ಬಾಟಲಿ ಕಚ್ಚಿಕೊಂಡೇ, ನಿಪ್ಪಲ್ಲಿನ ತೂತು ಅಗಲ ಮಾಡಲು ಕತ್ತರಿ ಕೇಳಲು ಕೆಳಗಿನ ಮನೆಗೆ ಓಡಿದ.

ಕೆಳಗಿನ ಮನೆಯಲ್ಲಿ ಟೈಲರ್ ಅಕ್ಕ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ಬಾಗಿಲಲ್ಲಿ ಮೀಸೆ, ಮೀಸೆಯ ಕೆಳಗೆ ಮೊಲ. ಅವಳ ಕಾಲು ನಿಂತಿತು.

“ತಮ್ಮಾ… ಎಷ್ಟು ದಿನ ಆಯ್ತು ನೀನು ನಿದ್ದೆ ಮಾಡಿ?”

ವಿಷಯ ಕೇಳಿದ ಅಕ್ಕ ಕತ್ತರಿ ಕೊಟ್ಟಳು, ಜೊತೆಗೆ ಸಲಹೆಯನ್ನೂ. “ಇದೆಲ್ಲಾ ಯಾಕೆ? ಸಾಯಂಕಾಲದ ಬಾಟ್ಲಿಗೆ ಪುಡಿ ಎರಡು ಚಮಚ ಜಾಸ್ತಿ ಹಾಕು. ಹೊಟ್ಟೆ ಭಾರ ಆದ್ರೆ ಎಲ್ಲಿ ಏಳುತ್ತೆ?”

“ಬೇಡಕ್ಕಾ, ಅಳತೆ ಮೀರಬಾರ್ದು ಅಂತ ಡಾಕ್ಟ್ರೇ ಹೇಳಿದಾರೆ. ಹೊಟ್ಟೆ ಕೆಡುತ್ತೆ.”

“ಅಳತೆ ನನಗೆ ಹೇಳ್ಕೊಡ್ತೀಯಾ? ಇಪ್ಪತ್ತು ವರ್ಷದಿಂದ ಟೇಪು ಕತ್ತಲ್ಲಿ ಹಾಕ್ಕೊಂಡಿದೀನಿ!”

ಮಾತಿನ ಸದ್ದಿಗೆ ಮಹಡಿಯ ಮೇಲಿನ ಡ್ರಿಲ್ ಮಾಸ್ತರು ಇಳಿದುಬಂದರು. ನಿವೃತ್ತರಾಗಿ ಆರು ವರ್ಷವಾದರೂ ಅವರ ಕೊರಳಲ್ಲಿ ಸೀಟಿ ನಿವೃತ್ತವಾಗಿರಲಿಲ್ಲ. ಹಾಲು ಕುಡಿಸುವುದು ಮಿಲಿ ಲೆಕ್ಕದಲ್ಲಾದರೆ ಅದನ್ನು ಮಿಲಿಟರಿ ಲೆಕ್ಕದಲ್ಲೇ ಮಾಡಬೇಕೆಂಬುದು ಅವರ ಸಿದ್ಧಾಂತ. ಮೂವರೂ ಮೇಲೆ ಬಂದರು. ಚಿನ್ನಿ ಆಗಲೇ ಕಣ್ಣು ಮುಚ್ಚಿದ್ದಳು.

“ಮಲಗಿದಾಳೆ! ನಾನೂ ಮಲಗ್ಬೇಕು!” ಎಂದು ಗಡಿಯಾರಪ್ಪ ಅತಿಥಿಗಳ ಎದುರೇ ಚಾಪೆಗೆ ಬಿದ್ದ.

“ಏನಯ್ಯಾ ಇದು! ತೇಗು ಬರಿಸದೆ ಮಲಗೋದಾ?” ಎಂದು ಮಾಸ್ತರು ಗುಡುಗಿದರು. ಮಗುವಿಗೆ ತೇಗು ಬಂದಾಗಿದೆ ಎಂದು ಗಡಿಯಾರಪ್ಪ ಹೇಳಿದ. “ಮಗು ಅಲ್ಲಯ್ಯಾ, ನೀನು!” ಎಂದವರೇ ಅವನನ್ನು ಎತ್ತಿ ಕೂರಿಸಿ, ಬೆನ್ನಿನ ಮೇಲೆ ಒಂದ್-ಎರಡ್, ಒಂದ್-ಎರಡ್ ಎಂದು ತಟ್ಟತೊಡಗಿದರು. ಹದಿನಾಲ್ಕನೆಯ ಪೆಟ್ಟಿಗೆ ಗಡಿಯಾರಪ್ಪನಿಂದ ಹೊರಟ ತೇಗು ಎಷ್ಟು ದೊಡ್ಡದಿತ್ತೆಂದರೆ ಚಿನ್ನಿ ಬೆಚ್ಚಿ ಎದ್ದಳು. ಅಷ್ಟರಲ್ಲಿ ಗಡಿಯಾರಪ್ಪ ಮಲಗಿದ್ದ.

ಮೂರು ತಿಂಗಳು ಬಾಗಿಲಾಚೆ ಕಾದು ನಿಂತಿದ್ದ ನಿದ್ದೆ ಅದು. ಬಾಗಿಲು ತೆರೆದದ್ದೇ ಇಡೀ ಕುಟುಂಬ ಸಮೇತ ಒಳಗೆ ನುಗ್ಗಿತು. ಮಗು ಅತ್ತಿತು, ಗಡಿಯಾರಪ್ಪ ಗೊರೆದ. ಟೈಲರ್ ಅಕ್ಕ ಚಿನ್ನಿಯನ್ನು ಎತ್ತಿಕೊಂಡು ಹೋಗಿ ಯಂತ್ರದ ಚಕ್ರ ತಿರುಗುವುದನ್ನು ತೋರಿಸಿದಳು. ಮಾಸ್ತರು ಅವಳನ್ನು ಹೆಗಲಿಗೆ ಹಾಕಿಕೊಂಡು ಮಹಡಿಯ ಮೇಲೆ ಎಡ-ಬಲ ಹಾಕಿದರು. ಹಸಿದಾಗ ತಂದು ಅಪ್ಪನನ್ನು ಅಲುಗಿಸಿ ಎಬ್ಬಿಸಿದರು. ಅಪ್ಪ ಎದ್ದ, ಎರಡು ಬಾಟಲಿ ಬೆರೆಸಿದ, ಇಬ್ಬರೂ ಮುಖಕ್ಕೆ ಮುಖ ಕೊಟ್ಟು ಕುಡಿದರು, ಮಗು ಹತ್ತು ನಿಮಿಷ ಕಣ್ಣು ಮುಚ್ಚಿತು, ಅಪ್ಪ ಒಂದೂವರೆ ಗಂಟೆ ಮುಚ್ಚಿದ. ಮೇಜಿನ ಮೇಲೆ ವೇಳಾಪಟ್ಟಿಯ ಫೈಲು ತೆರೆದದ್ದು ತೆರೆದ ಹಾಗೇ ಬಿದ್ದಿತ್ತು. ತಿದ್ದೋಣವೆಂದು ಕೈ ಹಾಕಿದಾಗಲೆಲ್ಲ ಜೋಡಿ ಲಯ ಅಡ್ಡ ಬಂತು.

ಮಧ್ಯಾಹ್ನ ಹನ್ನೆರಡೂವರೆಗೆ ಸಾಹೇಬರ ಫೋನು. ಅವರ ಧ್ವನಿ ತೂತು ಬಿದ್ದ ಟ್ಯೂಬಿನಂತಿತ್ತು.

“ಏನ್ರೀ, ವೇಳಾಪಟ್ಟಿ ಎಲ್ಲಿ?”

“ರೆಡಿ ಇದೆ ಸಾರ್” ಎಂದು ಗಡಿಯಾರಪ್ಪ ಬಾಯಿಂದ ಬಾಟಲಿ ಕಿತ್ತು ಹೇಳಿದ. ಅಷ್ಟರಲ್ಲಿ ಅಳು ಕೇಳಿಸಿತು. ತೊಟ್ಟಿಲ ಕಡೆ ತಿರುಗಿದರೆ ಚಿನ್ನಿ ಶಾಂತವಾಗಿದ್ದಳು. ಅಳು ಫೋನಿನ ಒಳಗಿಂದ ಬರುತ್ತಿತ್ತು.

“ಸಾರ್, ನಿಮ್ಮನೇಲೂ…?”

ಸಾಹೇಬರ ಗತ್ತು ಕುಸಿಯಿತು. “ಮಗಳು ಬಂದಿದಾಳೆ ಕಣ್ರೀ, ಮೊಮ್ಮಗನ್ನ ಕರ್ಕೊಂಡು. ಮೂರೂವರೆ ತಿಂಗಳು. ಅದೂ ಬಾಟ್ಲಿ ಹಾಲೇ. ಹಗಲೆಲ್ಲಾ ನಿದ್ದೆ, ರಾತ್ರಿಯೆಲ್ಲಾ ಮೆರವಣಿಗೆ. ಹತ್ತು ದಿನದಿಂದ ಕಣ್ಣು ಮುಚ್ಚಿಲ್ಲ. ಅರ್ಧ ದಿನ ರಜಾ ಹಾಕಿ ಮನೇಲೇ ಬಿದ್ದಿದೀನಿ.”

ಗಡಿಯಾರಪ್ಪನ ತಲೆಯಲ್ಲಿ ಬಲ್ಬು ಹತ್ತಿತು. ಸಾಹೇಬರ ಮನಸ್ಸು ಗೆಲ್ಲಲು ಇದಕ್ಕಿಂತ ಒಳ್ಳೆಯ ಗಳಿಗೆ ಬೇಕೆ? ಸಂತೋಷವಾಗಿರುವ ಸಾಹೇಬರು ಫೈಲಿನ ತೂಕವನ್ನೂ ನೋಡದೆ ಸಹಿ ಹಾಕುತ್ತಾರೆ.

“ಸಾರ್, ಬರ್ಕೊಳ್ಳಿ” ಎಂದ.

ಸಾಹೇಬರು ಬರೆದುಕೊಂಡರು. ಒಂದೆರಡು ಕಡೆ ಅನುಮಾನಿಸಿದರು. “ನಿಪ್ಪಲ್ಲಿನಲ್ಲೇ ಕುಡೀಬೇಕಾ? ನನಗೆ ಮುಂದಿನ ಎರಡು ಹಲ್ಲು ಕಟ್ಟಿಸಿದ್ದು.”

“ತೂತು ದೊಡ್ಡದು ಮಾಡ್ಕೊಳ್ಳಿ ಸಾರ್. ನಾನೂ ಹಾಗೇ ಮಾಡಿರೋದು. ನೂರೈವತ್ತು ಪೂರಾ ಕುಡಿದ್ಳು ಇವತ್ತು, ನಲವತ್ತರಿಂದ ನೂರೈವತ್ತು!”

ಅಂಕಿ ಕೇಳಿದ ಮೇಲೆ ಸಾಹೇಬರು ಒಪ್ಪಿಕೊಂಡು, ಫೈಲನ್ನು ಸಂಜೆ ಮನೆಗೇ ಕಳಿಸಲು ಹೇಳಿ ಫೋನಿಟ್ಟರು.

ಸಂಜೆ ಐದೂವರೆಗೆ ಗಿಳಿ ಬಂದ. ಫೈಲು ಒಯ್ದು ಸಾಹೇಬರ ಮನೆಗೆ ಮುಟ್ಟಿಸುವ ನೆಪ, ಬಿತ್ತಿದ ಬೆಳೆ ನೋಡುವ ಉದ್ದೇಶ. ಗಡಿಯಾರಪ್ಪ ಚಾಪೆಯ ಮೇಲೆ ಉಬ್ಬಿದ ದಿಂಬಿನಂತೆ ಕೂತಿದ್ದ. ಎರಡು ಲೀಟರಿಗೂ ಮೀರಿದ ಹಾಲು ಅವನೊಳಗೆ, ಕೂತಲ್ಲೇ ಅಲುಗಿದರೆ ಕುಲುಕುಲು ಎನ್ನುತ್ತಿತ್ತು.

“ಏನಣ್ಣಾ, ಮುಖ ಹಾಲಿನಂತೆ ಹೊಳೀತಿದೆ?” ಎಂದ ಗಿಳಿ, ಹುಬ್ಬು ಸಹ ಅಲುಗಿಸದೆ.

“ಹಾಲಿ ಪರಿಸ್ಥಿತಿ ಅದೇ ಕಣೋ ಗಿಳಿ. ಡಾಕ್ಟ್ರು ದೇವರಂಥೋರು. ತಾವಾಗೇ ಫೋನ್ ಮಾಡಿ ಹೇಳಿದ್ರು.”

“ಹೌದಾ! ಅಂಥವರು ಈಗಿನ ಕಾಲದಲ್ಲಿ ಎಲ್ಲಿ ಸಿಗ್ತಾರಣ್ಣಾ.” ಗಿಳಿಗೆ ಕೆಮ್ಮು ಬಂತು. ಬಚ್ಚಲಿಗೆ ಓಡಿ, ನಲ್ಲಿ ತಿರುಗಿಸಿ, ಐದು ನಿಮಿಷ ಗೋಡೆ ಹಿಡಿದು ನಕ್ಕು, ಮುಖ ತೊಳೆದು ಬಂದ. “ನಾಳೆ ಮೀಟಿಂಗು ಮುಗೀಲಿ ಅಣ್ಣಾ, ನಿನಗೊಂದು ವಿಷಯ ಹೇಳ್ಬೇಕು” ಎಂದು ಫೈಲು ಕಂಕುಳಲ್ಲಿಟ್ಟುಕೊಂಡು ಹೊರಟ. ಸಾಹೇಬರಿಗೂ ಅದೇ ಮದ್ದು ದಾಟಿದೆ ಎಂಬುದನ್ನು ಗಡಿಯಾರಪ್ಪ ಹೇಳುವಷ್ಟರಲ್ಲಿ ಚಿನ್ನಿ ಕಣ್ಣು ಮುಚ್ಚಿದಳು. ಅವನೂ ಮುಚ್ಚಿದ.

ಹೆಂಡತಿ ಬಂದಾಗ ಮಾಸ್ತರೂ ಟೈಲರ್ ಅಕ್ಕನೂ ಅವಳ ಎದುರು ವರದಿ ಒಪ್ಪಿಸಿದರು. ಗಂಡನ ಬಗ್ಗೆ ಅವರು ಹೇಳಿದ್ದನ್ನು ಅವಳು ನಂಬಲಿಲ್ಲ. ಅಡುಗೆಮನೆಯ ತೊಟ್ಟಿಯಲ್ಲಿ ಅಗಲ ತೂತಿನ ಮೊಲದ ಬಾಟಲಿ ನೋಡಿ ನಂಬಿದಳು. ಎಂಟೂಕಾಲಿಗೆ ದೀಪ ಮಂಕು ಮಾಡಿ, ಮಾತಿಲ್ಲದೆ ಮಗಳಿಗೆ ತಾನೇ ಹಾಲು ಕುಡಿಸಿದಳು. ಗಂಡ ಪಕ್ಕದಲ್ಲಿ ಕೂತು ತನ್ನದನ್ನು ಕುಡಿದ. ದಿನವೆಲ್ಲ ಎಡ-ಬಲ ಹಾಕಿ, ಚಕ್ರ ನೋಡಿ, ಅಪ್ಪನ ಆಟ ಕಂಡು ದಣಿದಿದ್ದ ಚಿನ್ನಿ ಒಂಬತ್ತಕ್ಕೆ ಮಲಗಿದಳು.

ಹನ್ನೊಂದಕ್ಕೆ ಏಳಲಿಲ್ಲ. ಒಂದೂವರೆಗೂ ಏಳಲಿಲ್ಲ. ಮೂರಕ್ಕೂ ಇಲ್ಲ. ಇದೆಲ್ಲ ಗಡಿಯಾರಪ್ಪನಿಗೆ ನಿಮಿಷ ನಿಮಿಷಕ್ಕೂ ಗೊತ್ತು, ಯಾಕೆಂದರೆ ಅವನು ರೆಪ್ಪೆಯನ್ನೇ ಮುಚ್ಚಲಿಲ್ಲ. ಹಗಲು ಆರು ಗಂಟೆ ಗೊರೆದವನಿಗೆ ರಾತ್ರಿ ನಿದ್ದೆ ಎಲ್ಲಿಂದ ಬರಬೇಕು? ಹೊಟ್ಟೆಯಲ್ಲಿ ಹಾಲು ಅಲೆ ಎಬ್ಬಿಸುತ್ತಿತ್ತು. ಹದಿನೈದು ನಿಮಿಷಕ್ಕೊಮ್ಮೆ ಎದ್ದು ಮಗಳ ಎದೆ ಏರಿಳಿಯುತ್ತಿದೆಯೇ ಎಂದು ನೋಡಿ ಬಂದ. ಬೆಳಿಗ್ಗೆ ಐದಕ್ಕೆ ಚಿನ್ನಿ ಎದ್ದು, ಹಸಿದು, ನಕ್ಕಳು. ಮೂರು ತಿಂಗಳಲ್ಲಿ ಮೊದಲ ಬಾರಿಗೆ ಅವನ ಹೆಂಡತಿ ಎಂಟು ಗಂಟೆ ಮಲಗಿದ್ದಳು. ಅವನು ಮಾತ್ರ ಗೂಬೆಯ ಮರಿಯಂತೆ ಕೂತಿದ್ದ.

“ನಾನು ಹೇಳ್ಲಿಲ್ವಾ, ಚಕ್ರ ತೋರಿಸಿದ್ದಕ್ಕೇ ಮಲಗಿದ್ದು” ಎಂದಳು ಟೈಲರ್ ಅಕ್ಕ ಮೆಟ್ಟಿಲಲ್ಲಿ. “ಕವಾಯತು!” ಎಂದರು ಮಾಸ್ತರು ಮೇಲಿಂದ.

ಹತ್ತು ಗಂಟೆಗೆ ಡಿಪೋ ಕಚೇರಿಯಲ್ಲಿ ಎಲ್ಲರೂ ಸೇರಿದರು. ಗಡಿಯಾರಪ್ಪ ಕಣ್ಣಿನ ಮೇಲೆ ತಣ್ಣೀರು ಹೊಡೆದುಕೊಂಡು, ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟು ತುಳಿದುಕೊಳ್ಳುತ್ತಾ ಎಚ್ಚರವಾಗಿ ನಿಂತಿದ್ದ. ಪಕ್ಕದಲ್ಲಿ ಗಿಳಿ. ಸಾಹೇಬರು ಒಳಗೆ ಬಂದರು. ಅವರ ಕಣ್ಣು ಕೆಂಪು, ಮುಖದಲ್ಲಿ ಮಾತ್ರ ಬೆಳಕು. ನೇರ ಬಂದು ಗಡಿಯಾರಪ್ಪನ ಎರಡೂ ಕೈ ಹಿಡಿದುಕೊಂಡರು.

“ಏನ್ರೀ ನಿಮ್ಮ ಡಾಕ್ಟ್ರು! ನನ್ನ ಮೊಮ್ಮಗ ರಾತ್ರಿ ಒಂಬತ್ತಕ್ಕೆ ಮಲಗಿದೋನು ಐದೂವರೆಗೆ ಎದ್ದ! ಹಗಲೆಲ್ಲಾ ನಾನು ಗೊರಕೆ ಹೊಡೆದದ್ದಕ್ಕೆ ಪಾಪ ಅವನು ಕಣ್ಣೇ ಮುಚ್ಚಿರ್ಲಿಲ್ಲ, ಅದು ಬೇರೆ ವಿಷಯ. ಮಗಳು ಅಂತೂ ಅತ್ತೇಬಿಟ್ಳು.”

ಗಿಳಿಯ ಮುಖದ ಬಣ್ಣ ಹಾರಿತು. ಸಾಹೇಬರು? ಬಾಟಲಿ? ಅವನು ಮೆಲ್ಲಗೆ ಬಾಗಿಲ ಕಡೆ ಸರಿಯತೊಡಗಿದ.

“ಸಹಿ ಸಾರ್…” ಎಂದು ಗಡಿಯಾರಪ್ಪ ನಯವಾಗಿ ನೆನಪಿಸಿದ. ಗೆದ್ದೆ ಎಂದೇ ಅವನಿಗೆ ಅನಿಸಿತ್ತು.

“ಅದಕ್ಕೇ ಬಂದೆ.” ಸಾಹೇಬರು ಫೈಲು ತೆರೆದರು. ಪುಟ ಪುಟಕ್ಕೂ ನೀಲಿ ಪೆನ್ಸಿಲಿನ ಗುರುತುಗಳು ಇರುವೆ ಸಾಲಿನಂತೆ ಹರಿದಿದ್ದವು. “ಮಗು ಮಲಗ್ತು, ನನಗೆ ನಿದ್ದೆ ಬರ್ಲಿಲ್ಲ. ಹಗಲೆಲ್ಲಾ ಮಲಗಿದ್ನಲ್ಲಾ! ಮನೇಲಿ ಎಲ್ಲಾ ನಿಶ್ಶಬ್ದ. ಏನ್ಮಾಡೋದು? ಇಪ್ಪತ್ತೆಂಟು ವರ್ಷದ ಸರ್ವಿಸಿನಲ್ಲಿ ಮೊದಲ್ನೇ ಸಲ ಒಂದು ಫೈಲು ಓದಿದೆ. ಮೊದಲಿಂದ ಕೊನೇವರೆಗೆ. ಎರಡು ಸಲ.”

ಗಡಿಯಾರಪ್ಪ ಕಾಲು ತುಳಿದುಕೊಳ್ಳುವುದನ್ನು ನಿಲ್ಲಿಸಿದ.

“ನಲವತ್ತೊಂದು ತಪ್ಪು” ಎಂದರು ಸಾಹೇಬರು, ಹಳೆಯ ಧ್ವನಿಗೆ ಇಳಿದು. “ಹನ್ನೆರಡನೇ ನಂಬರ್ ಬಸ್ಸು ಹೊರಡೋಕೆ ಇಪ್ಪತ್ತು ನಿಮಿಷ ಮೊದ್ಲೇ ತಲುಪುತ್ತೆ. ಹೇಗ್ರೀ ಅದು? ಮೂವತ್ತನೇ ನಂಬರು ನೂರಿಪ್ಪತ್ತು ಮಿಲಿ ಪ್ರಯಾಣಿಕರನ್ನ ಒಯ್ಯುತ್ತೆ. ಹದಿನೇಳನೇ ನಂಬರಿನ ಷರಾ ಓದ್ತೀನಿ, ಎಲ್ಲಾರೂ ಕೇಳಿ: ‘ಅರ್ಧ ದಾರಿಯಲ್ಲಿ ನಿದ್ದೆ ಹೋಯಿತು. ಎಬ್ಬಿಸಿ ಬೆನ್ನು ತಟ್ಟಿದ ಮೇಲೆ ಸ್ವಲ್ಪ ಕಕ್ಕಿ ಮುಂದೆ ಹೊರಟಿತು.’”

ಮೊದಲು ನಗು ಸಿಡಿಸಿದವನು ಡಿಪೋದ ಕ್ಯಾಷಿಯರು. ಆಮೇಲೆ ಇಡೀ ಕೋಣೆ. ಸಾಹೇಬರ ಮೀಸೆಯೂ ನಡುಗಿತು, ಆದರೆ ಕೈ ನಡುಗಲಿಲ್ಲ. ರಾತ್ರಿಯೇ ಕೈಯಾರೆ ಬರೆದಿಟ್ಟಿದ್ದ ಆದೇಶದ ಹಾಳೆಯನ್ನು ಗಡಿಯಾರಪ್ಪನ ಮುಂದಿಟ್ಟರು. ಇಂದಿನಿಂದಲೇ ರಾತ್ರಿ ಪಾಳಿ, ಹತ್ತರಿಂದ ಆರು, ಆರು ತಿಂಗಳು. “ಬೇಜಾರು ಮಾಡ್ಕೋಬೇಡಿ. ಆ ಡಾಕ್ಟ್ರ ನಂಬರು ಕೊಡಿ, ಅವರಿಗೆ ನಾನೇ ಒಂದು ಮಾತು ಹೇಳ್ಬೇಕು.”

ಗಡಿಯಾರಪ್ಪ ಮಂಕಾಗಿ ತನ್ನ ಫೋನು ನೀಡಿದ. ಸಾಹೇಬರು ಕರೆ ಒತ್ತಿದರು. ಬಾಗಿಲ ಬಳಿ, ಗಿಳಿಯ ಅಂಗಿ ಜೇಬಿನಲ್ಲಿ ಫೋನು ಕುಣಿಯತೊಡಗಿತು.

ಎಲ್ಲರ ಕಣ್ಣೂ ಅತ್ತ. ಗಿಳಿ ಜೇಬು ಅಮುಕಿ ಹಿಡಿದ. ಅದು ಇನ್ನೂ ಜೋರಾಗಿ ಹಾಡಿತು. ಗಾಬರಿಯಲ್ಲಿ ಅವನ ಸ್ವಂತ ಧ್ವನಿ ಎಲ್ಲಿ ಅಡಗಿತೋ, ಬಾಯಿ ತೆರೆದರೆ ಬಂದದ್ದು, “ಹ್ಞೂಂ… ನೋಡೀಪ್ಪಾ…”

“ಲೋ!” ಎಂದ ಗಡಿಯಾರಪ್ಪ.

“ತಪ್ಪಾಯ್ತಣ್ಣಾ. ತಮಾಷೆಗೆ…”

ಸಾಹೇಬರು ನಿಧಾನಕ್ಕೆ ಕುರ್ಚಿಯಲ್ಲಿ ಕೂತರು. ಮುಂದಿನ ಎರಡು ಕಟ್ಟಿದ ಹಲ್ಲುಗಳನ್ನು ನಾಲಗೆಯಿಂದ ತಡವಿಕೊಂಡರು. “ಮನೇಲಿ ಹೆಂಡತಿ, ಮಗಳು, ಅಳಿಯ, ಕೆಲಸದವಳು, ಇಷ್ಟು ಜನರೆದುರು…” ಎಂದು ಆರಂಭಿಸಿದವರು ಮುಂದೆ ಹೇಳಲಾರದೆ ಮೇಜಿನ ಮೇಲೆ ತಲೆಯಿಟ್ಟರು. ಅವರ ಹೆಗಲು ಕುಲುಕುತ್ತಿತ್ತು. ಅಳುತ್ತಿದ್ದಾರೋ ನಗುತ್ತಿದ್ದಾರೋ ಯಾರಿಗೂ ತಿಳಿಯಲಿಲ್ಲ.

ಅಷ್ಟರಲ್ಲಿ ಮೇಜಿನ ಮೇಲಿದ್ದ ಗಡಿಯಾರಪ್ಪನ ಫೋನು ಬಡಿದುಕೊಂಡಿತು. ಅತ್ತೆ. ಬೆಳಗಿನ ಬಸ್ಸಿಗೆ ಬಂದು ಮಗು ಎತ್ತಿಕೊಂಡು ಕೂತಿದ್ದರು. ಹೆಂಡತಿ ಕೆಲಸಕ್ಕೆ ಹೋಗಿಯಾಗಿತ್ತು.

“ಅಳಿಯಂದ್ರೇ, ನಿಮ್ಮ ಮಗಳು ಬಲೇ ಜಾಣೆ! ರಾತ್ರಿಯೆಲ್ಲಾ ಮಲಗಿದ್ಲಂತೆ? ಅದಕ್ಕೇ ಈಗ ಹಗಲಲ್ಲಿ ಕಣ್ಣು ಮುಚ್ಚೋ ಮಾತೇ ಇಲ್ಲ. ಬೆಳಿಗ್ಗೆಯಿಂದ ಒಂದೇ ಸಮನೆ ಕಿರುಚಾಟ, ಆಟ. ಕೆಳಗೆ ಇಳಿಸಿದ್ರೆ ಸಾಕು, ಬೀದಿ ಕೇಳೋ ಹಾಗೆ ಕೂಗ್ತಾಳೆ. ಮಕ್ಕಳು ಹೀಗೇ ಇರ್ಬೇಕು, ರಾತ್ರಿ ನಿದ್ದೆ, ಹಗಲು ಗಲಾಟೆ. ಇನ್ನು ಇದೇ ಅಭ್ಯಾಸ ಆಗೋಗುತ್ತೆ.”

“ಅತ್ತೆ…” ಎಂದ ಗಡಿಯಾರಪ್ಪ, ಕೈಯಲ್ಲಿದ್ದ ಆದೇಶದ ಹಾಳೆ ನೋಡುತ್ತಾ. “ನನಗೆ ಇವತ್ತಿಂದ ರಾತ್ರಿ ಪಾಳಿ ಆಗಿದೆ. ಹಗಲು ಮನೇಲೇ ಮಲಗಿರ್ತೀನಿ. ಸ್ವಲ್ಪ…”

“ಹಗಲು ಮನೇಲೇ ಇರ್ತೀರಾ?” ಅತ್ತೆಯ ಧ್ವನಿಯಲ್ಲಿ ಹಾಲು ಉಕ್ಕಿತು. “ಅಯ್ಯೋ, ಮೊದಲೇ ಹೇಳಬಾರ್ದಿತ್ತಾ! ಮಗೂನ ನೋಡ್ಕೊಳ್ಳೋಕೆ ನೀವೇ ಇರೋವಾಗ ನಾನ್ಯಾಕೆ? ನಮ್ಮ ಮನೇನೂ ಬಾಗಿಲು ಹಾಕ್ಕೊಂಡು ಬಂದಿದೀನಿ. ನೀವು ಬರೋ ತನಕ ಇರ್ತೀನಿ, ಮಧ್ಯಾಹ್ನದ ಬಸ್ಸಿಗೆ ಹೊರಟುಬಿಡ್ತೀನಿ. ಎಷ್ಟು ಗಂಟೆಗಿದೆ ಅಳಿಯಂದ್ರೇ ನಮ್ಮೂರ ಬಸ್ಸು? ನಿಮಗೇ ಗೊತ್ತಿರ್ಬೇಕಲ್ಲ.”

ಗಡಿಯಾರಪ್ಪ ಫೋನು ಕೆಳಗಿಟ್ಟ. ಸಾಹೇಬರು ತಲೆಯೆತ್ತಿ ನೋಡಿದರು. ಗಿಳಿ ಕೈ ಮುಗಿದು ನಿಂತಿದ್ದ. ಕ್ಯಾಷಿಯರು ಇನ್ನೂ ಕಣ್ಣೊರೆಸಿಕೊಳ್ಳುತ್ತಿದ್ದ.

ಮೊದಲು ಗಡಿಯಾರಪ್ಪನ ಹೊಟ್ಟೆ ಅಲುಗಿತು. ಆಮೇಲೆ ಭುಜ. ಆಮೇಲೆ ಅವನು ಬಾಯಿ ತೆರೆದು ನಕ್ಕ. ಮೇಜು ಹಿಡಿದು ನಕ್ಕ, ನೆಲಕ್ಕೆ ಕೂತು ನಕ್ಕ, ಆದೇಶದ ಹಾಳೆಯಿಂದ ಕಣ್ಣೀರು ಒರೆಸಿಕೊಳ್ಳುತ್ತಾ ನಕ್ಕ. ಆ ನಗು ಸಾಹೇಬರಿಗೆ ಅಂಟಿತು, ಕ್ಯಾಷಿಯರಿಗೆ ಅಂಟಿತು, ಕೈ ಮುಗಿದಿದ್ದ ಗಿಳಿಗೂ ಅಂಟಿತು. ಹೊರಗೆ ಪ್ಲಾಟ್‌ಫಾರಂನಲ್ಲಿ ನಿಂತಿದ್ದ ಪ್ರಯಾಣಿಕರು ಏನಾಯಿತೆಂದು ತಿರುಗಿ ನೋಡಿದರು. ಎಲ್ಲರ ನಗುವೂ ಕೇಳುತ್ತಿತ್ತು. ಎಲ್ಲಕ್ಕಿಂತ ಜೋರಾಗಿ ಕೇಳುತ್ತಿದ್ದುದು ಗಡಿಯಾರಪ್ಪನದು.